ಸಹಾಯ ಬೇಕು: ಗಲಿವರನ ಕೋತಿಗೂ ಕಿಂಗ್ ಕಾಂಗ್‌ಗೂ ನಂಟು ಕಟ್ಟಬಹುದೇ?

ಮಾನ್ಯರೇ, ಡಬ್ಲಿನ್‌ನಲ್ಲಿ ಹುಟ್ಟಿದ ಜೊನಾಥನ್ ಸ್ವಿಫ್ಟ್‌ನ ‘ಗಲಿವರ್ಸ್ ಟ್ರಾವೆಲ್ಸ್’ (1726) ಕಾದಂಬರಿಗೂ ಸಾಹಸ ಚಿತ್ರಗಳಿಗೂ ಇರುವ ಸಂಬಂಧ ಕುರಿತು ಎಂ.ಎ. ತರಗತಿಗೆ ಪ್ರಬಂಧ ಬರೆಯುತ್ತಿದ್ದೇನೆ. ಜಪಾನಿನ ಅನಿಮೇಷನ್ ನಿರ್ದೇಶಕ ಮಿಯಾಝಾಕಿಯ 1986ರ ಚಿತ್ರದ ಹಾರುವ ದ್ವೀಪಕ್ಕೆ ‘ಲಾಪುಟಾ’ ಎಂಬ ಹೆಸರು ಈ ಕಾದಂಬರಿಯಿಂದಲೇ ಬಂದಿರುವುದರಿಂದ ಆ ಭಾಗ ಸಲೀಸಾಗಿ ಮುಗಿಯಿತು.

ತೊಡಕಿರುವುದು ಕಾದಂಬರಿಯ ಎರಡನೆಯ ಭಾಗದ ಐದನೆಯ ಅಧ್ಯಾಯದಲ್ಲಿ. ದೈತ್ಯರ ನಾಡಿನ ಅರಮನೆಯಲ್ಲಿ ಭಾರೀ ಕೋತಿಯೊಂದು ಗಲಿವರನನ್ನು ತನ್ನ ಮರಿಯೆಂದೇ ಬಗೆದು, ಒಂದು ಕೈಯಲ್ಲಿ ಎತ್ತಿಕೊಂಡು ಮಾಡಿಗೆ ಹತ್ತಿ, ದವಡೆಯ ಚೀಲದಿಂದ ಹಿಂಡಿ ತೆಗೆದ ತಿನಿಸನ್ನು ಅವನ ಬಾಯಿಗೆ ತುರುಕುತ್ತದೆ. ಕೆಳಗೆ ಜನ ಸೇರುತ್ತಾರೆ, ಕೊನೆಗೆ ಕೋತಿಯನ್ನು ಕೊಲ್ಲಲಾಗುತ್ತದೆ. 1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ದೈತ್ಯ ವಾನರ ನಾಯಕಿಯನ್ನು ಎತ್ತಿಕೊಂಡು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಹತ್ತುವ ದೃಶ್ಯ ಇದರ ಪಡಿಯಚ್ಚಿನಂತಿದೆ (ಅಲ್ಲಿ ನಗು ಬರಿಸಿದ್ದು ಇಲ್ಲಿ ಕರುಳು ಹಿಂಡುತ್ತದೆ, ಅದು ಬೇರೆ ಮಾತು). ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಕೆಯ ಪಟ್ಟಿ ಮಾಡಿದೆ. ಆದರೆ ಹೋಲಿಕೆಯೇ ಪ್ರಭಾವವಲ್ಲವೆಂದು ಮಾರ್ಗದರ್ಶಕರು ಕರಡನ್ನು ಹಿಂದಿರುಗಿಸಿದ್ದಾರೆ.

ಚಿತ್ರ ತಯಾರಿಸಿದವರು ಸ್ವಿಫ್ಟ್‌ನನ್ನು ಓದಿದ್ದರೆಂಬುದಕ್ಕೆ ನೇರ ಪುರಾವೆ ಇಲ್ಲದೆಯೂ ಈ ನಂಟನ್ನು ಪ್ರಬಂಧದಲ್ಲಿ ಮಂಡಿಸಬಹುದೇ? ಮಂಡಿಸಬಹುದಾದರೆ ಅದನ್ನು ‘ಪ್ರಭಾವ’ ಎನ್ನಬೇಕೋ, ‘ಸಮಾನ ಆಶಯ’ (ಬೇರೆ ಬೇರೆ ಕೃತಿಗಳಲ್ಲಿ ಮರುಕಳಿಸುವ ಕಥಾಂಶ) ಎನ್ನಬೇಕೋ ದಯವಿಟ್ಟು ತಿಳಿಸಿ.