ಮೊಟ್ಟೆ ಮಾರುವ ಬೋರ್ಡು ಮತ್ತು ಮನೆ ಇನ್ಶೂರೆನ್ಸು

ಹಿತ್ತಲಲ್ಲಿ ಕೋಳಿ ಸಾಕಿದರೆ ಮನೆ ಇನ್ಶೂರೆನ್ಸಿಗೆ ತೊಂದರೆಯಾ ಅಂತ ಇಲ್ಲಿ ಒಬ್ಬರು ಕೇಳಿದ್ದಾರೆ, ನಮ್ಮ ಮನೆಯದನ್ನೇ ಹೇಳುತ್ತೇನೆ. ನಾವಿರುವುದು ಅಮೆರಿಕದ ಸಿಯಾಟಲ್ ಊರೊಳಗೆ. ಇಬ್ಬರು ಮಕ್ಕಳು, ನಾಲ್ಕು ಕೋಳಿ, ಒಂದು ರಟ್ಟಿನ ಬೋರ್ಡು. ತೊಂದರೆ ತಂದಿದ್ದು ಕೋಳಿ ಅಲ್ಲ, ಆ ಬೋರ್ಡು.

2025ರ ಮಾರ್ಚ್‌ನಲ್ಲಿ ಹಕ್ಕಿ ಜ್ವರದ ದೆಸೆಯಿಂದ ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್‌ಗೆ ಏರಿತ್ತು, ನೆನಪಿದೆ ಅಲ್ವಾ? ಆಗಲೇ ನಮ್ಮ ಯಜಮಾನರು ಮರಿಗಳನ್ನು ತಂದರು. ಮರಿ ಬೆಳೆದು ಮೊಟ್ಟೆ ಇಡೋಕೆ ಐದಾರು ತಿಂಗಳು ಬೇಕು. ಅಷ್ಟರಲ್ಲಿ ಅಂಗಡಿಯ ಬೆಲೆ ಇಳಿದಿತ್ತು. ಗೂಡಿಗೆ ಸುರಿದ ದುಡ್ಡಿನ ಲೆಕ್ಕ ದಯವಿಟ್ಟು ಕೇಳಬೇಡಿ.

ಒಂಬತ್ತು ವರ್ಷದ ಮಗಳು ಪಕ್ಕದ ಬೀದಿಯ ಹುಡುಗರು ನಿಂಬೆ ಪಾನಕ ಮಾರುವುದನ್ನು ನೋಡಿದ್ದಳು. ಇವಳೂ ಬಣ್ಣ ಬಳಿದು ಬೋರ್ಡು ಮಾಡಿದಳು: ಡಜನ್‌ಗೆ 5 ಡಾಲರ್. ಮಕ್ಕಳು ದುಡ್ಡಿನ ಬೆಲೆ ಕಲಿಯಲಿ ಅಂತ ನಾವೂ ಖುಷಿಪಟ್ಟೆವು. ಪಾಲಿಸಿ ರಿನ್ಯೂ ಮಾಡುವಾಗ ಏಜೆಂಟಿಗೆ ಗೂಡಿನ ವಿಷಯ ಹೇಳಿದೆ. ಆಕೆ ಮೊದಲು ಕೇಳಿದ್ದು ಎಷ್ಟು ಕೋಳಿ ಅಂತಲ್ಲ, "ಮೊಟ್ಟೆ ಮಾರುತ್ತೀರಾ?" ಅಂತ.

ಯಾಕೆ ಅಂದರೆ, ಸಾಮಾನ್ಯ ಮನೆ ಪಾಲಿಸಿಯಲ್ಲಿ ಕೋಳಿ ಗೂಡು, ಶೆಡ್ಡು, ಬೇಲಿ ಎಲ್ಲ "ಅದರ್ ಸ್ಟ್ರಕ್ಚರ್ಸ್" ಅನ್ನೋ ಭಾಗಕ್ಕೆ ಸೇರುತ್ತವೆ. ಮನೆಗೆ ಎಷ್ಟು ಕವರ್ ಇದೆಯೋ ಅದರ ಶೇಕಡಾ 10 ಸಾಮಾನ್ಯವಾಗಿ ಇವಕ್ಕೆಲ್ಲ ಸೇರಿ. ಆದರೆ ವ್ಯಾಪಾರ ನಡೆಯುವ ಕಟ್ಟಡಕ್ಕೆ ಅದು ಸಿಗುವುದಿಲ್ಲ. ಮೊಟ್ಟೆ ಕೊಂಡವರಿಗೆ ಏನಾದರೂ ಆಗಿ ಕೇಸು ಹಾಕಿದರೆ, ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ಲಯಬಿಲಿಟಿ ಭಾಗವೂ ವ್ಯಾಪಾರ ಅಂತ ಕೈ ತೊಳೆದುಕೊಳ್ಳಬಹುದು. ವರ್ಷಕ್ಕೆ 2,000 ಡಾಲರ್ ಮೀರದ ಸಂಪಾದನೆಯನ್ನು ವ್ಯಾಪಾರ ಅಂತ ಲೆಕ್ಕಕ್ಕೆ ತೆಗೆದುಕೊಳ್ಳದ ಪಾಲಿಸಿಗಳು ಬೇಕಾದಷ್ಟಿವೆ. ನಮ್ಮದರಲ್ಲಿ ಆ ಸಾಲೇ ಇರಲಿಲ್ಲ! ಬೋರ್ಡು ಅವತ್ತೇ ಗ್ಯಾರೇಜು ಸೇರಿತು. ಮಗಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಕೋಳಿ ವಿಷಯ ಇನ್ಶೂರೆನ್ಸ್ ಕಂಪನಿಗೆ "ಹೇಳೋದೇ ಬೇಡ, ಸುಮ್ನಿರಿ" ಅಂತ ಇನ್ನೊಬ್ಬರು ಬರೆದಿದ್ದಾರೆ. ಅಣ್ಣಾ, ಕಂಪನಿಗಳು ಈಗ ಆಕಾಶದಿಂದ ತೆಗೆದ ಫೋಟೋ ನೋಡುತ್ತವೆ. ಹಿತ್ತಲಲ್ಲಿ ಹೊಸ ಶೆಡ್ಡು, ಟ್ರ್ಯಾಂಪೊಲಿನ್ ಎಲ್ಲ ಕಾಣುತ್ತೆ. ಅದು ಬಿಡಿ. ಅವರು ಕೇಳಿದಾಗ ಇಲ್ಲ ಅಂದು, ನಾಳೆ ಬೆಂಕಿ ಬಿದ್ದು ಕ್ಲೇಮ್ ಹಾಕಿದರೆ ಆ ಸುಳ್ಳೇ ನಿಮ್ಮ ಕುತ್ತಿಗೆಗೆ ಬರುತ್ತೆ.

ಬೆಂಕಿಯ ಮಾತು ಸುಮ್ನೆ ಹೇಳಿದ್ದಲ್ಲ. ನನಗೆ ಕೋಳಿಗಿಂತ ಜಾಸ್ತಿ ಭಯ ಗೂಡು ಬೆಚ್ಚಗಿಡೋಕೆ ಹಾಕುವ ಕೆಂಪು ಹೀಟ್ ಲ್ಯಾಂಪಿಂದು. 250 ವಾಟ್ ಬಲ್ಬು, ಒಂದು ಕ್ಲಿಪ್ಪಲ್ಲಿ ನೇತಾಡುತ್ತೆ, ಕೆಳಗೆ ಒಣ ಮರದ ಹೊಟ್ಟು. ಕೋಳಿ ಒಮ್ಮೆ ರೆಕ್ಕೆ ಬಡಿದರೆ ಸಾಕು, ಕಳಚಿ ಬೀಳುತ್ತೆ. ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ನಿಜ. ಅದಕ್ಕಂತಲೇ ಪ್ಲೇಟಿನಂಥ ಹೀಟರ್ ಸಿಗುತ್ತೆ, ತಾಯಿ ಕೋಳಿಯ ಕೆಳಗೆ ನುಗ್ಗುವ ಹಾಗೆ ಮರಿಗಳು ಅದರ ಕೆಳಗೆ ನುಗ್ಗುತ್ತವೆ. ದೊಡ್ಡ ಕೋಳಿಗೆ ಸಿಯಾಟಲ್ ಚಳಿಯಲ್ಲಿ ಯಾವ ದೀಪವೂ ಬೇಡ. ಊರಲ್ಲಿ ನಮ್ಮಜ್ಜಿ ಸಂಜೆಯಾದರೆ ಮಂಕರಿ ಕವುಚಿ ಮೇಲೊಂದು ಕಲ್ಲು ಇಡುತ್ತಿದ್ದರು, ಅಷ್ಟೇ. ಇಲ್ಲಿ ಮಂಕರಿ ಸಾಲದು, ರಕೂನ್ ಅನ್ನೋ ಕಾಡುಪ್ರಾಣಿ ಕೈ ಹಾಕಿ ಚಿಲಕ ತೆಗೆಯುತ್ತೆ.

ಇನ್ನು ಕೋಳಿ ಸತ್ತರೆ, ಕಳುವಾದರೆ ದುಡ್ಡು ಬರುತ್ತಾ ಅಂದರೆ, ಇಲ್ಲ. ಪಾಲಿಸಿಯ ಮನೆ ಸಾಮಾನಿನ ಪಟ್ಟಿಯಲ್ಲಿ ಪ್ರಾಣಿ, ಪಕ್ಷಿ, ಮೀನು ಬರುವುದಿಲ್ಲ. ಸಾಕಿದ ಪ್ರಾಣಿ ಡೆಕ್ ಕೆದಕಿ ಹಾಳು ಮಾಡಿದರೂ, ಕಾಳಿನ ವಾಸನೆಗೆ ಬಂದ ಇಲಿ ವೈರು ಕಡಿದರೂ ನಿಮ್ಮದೇ ಖರ್ಚು. ಕಾಳನ್ನು ತಗಡಿನ ಡಬ್ಬಿಯಲ್ಲಿ ಇಡಿ.

ಪಕ್ಕದ ಮನೆ ಮಗುವನ್ನು ಕೋಳಿ ಕುಕ್ಕಿದರೆ? ಮೆಡಿಕಲ್ ಪೇಮೆಂಟ್ಸ್ ಅಂತ ಒಂದು ಭಾಗ ಇರುತ್ತೆ, ಸಾಮಾನ್ಯವಾಗಿ 1,000ದಿಂದ 5,000 ಡಾಲರ್. ತಪ್ಪು ಯಾರದು ಅಂತ ನೋಡದೆ ಕೊಡುತ್ತಾರೆ. ನಮ್ಮದೇ ಮಗುವಿಗೆ ಆದರೆ ಅದು ಹೆಲ್ತ್ ಇನ್ಶೂರೆನ್ಸಿನ ಪಾಲು. ಕೆಲವು ಕಂಪನಿಗಳು ಕೋಳಿಯನ್ನು ದನ, ಮೇಕೆಯ ಸಾಲಿಗೆ ಹಾಕಿ ಲಯಬಿಲಿಟಿಯಿಂದಲೇ ಹೊರಗಿಡುತ್ತವೆ. ಹಾಗಾಗಿ "ಕೋಳಿ ಇದ್ದರೆ ಪರವಾಗಿಲ್ಲವಾ" ಅಂತಷ್ಟೇ ಕೇಳಬೇಡಿ. ಲಯಬಿಲಿಟಿ ಉಂಟಾ, ಗೂಡಿಗೆ ಕವರ್ ಉಂಟಾ, ಎಷ್ಟು ಕೋಳಿವರೆಗೆ ಅಂತ ಬಿಡಿಸಿ ಕೇಳಿ. ಫೋನಲ್ಲಿ ಅಲ್ಲ, ಇಮೇಲಲ್ಲಿ.

ಹುಟ್ಟುಹಬ್ಬಕ್ಕೆ ಮಕ್ಕಳು ಬಂದಾಗ ಮಾತ್ರ ನಾನು ಗೂಡಿಗೆ ಬೀಗ ಹಾಕುತ್ತೇನೆ. ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳು ಕೋಳಿ ಮುಟ್ಟಲೇಬಾರದು ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತೆ. ಮರಿಗೆ ಮುತ್ತಿಟ್ಟು ಫೋಟೋ ತೆಗೆಸುವ ಆಸೆ ನಮ್ಮವರಿಗೆ ಸ್ವಲ್ಪ ಜಾಸ್ತಿ.

ಸಿಯಾಟಲ್‌ನಲ್ಲಿ 2010ರಿಂದ ಎಂಟು ಕೋಳಿಗೆ ಅವಕಾಶ ಇದೆ, ಹುಂಜ ಕೂಡದು. ಬೇರೆ ಊರಿನ ನಿಯಮ ಬೇರೆ. ಸಿಟಿ ಒಪ್ಪಿದರೂ ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಒಪ್ಪಬೇಕಂತಿಲ್ಲ, ಅವರ ನಿಯಮದ ಕಾಗದ ಮೊದಲು ಓದಿ. ನಮ್ಮ ನಾಲ್ಕರಲ್ಲಿ "ಹೇಂಟೆ" ಅಂತ ಕೊಂಡ ಒಂದು ನಾಲ್ಕನೇ ತಿಂಗಳಿಗೆ ಕೂಗಲು ಶುರು ಮಾಡಿತು. ಮಗ ಅದಕ್ಕೆ ಹೆಸರು ಬೇರೆ ಇಟ್ಟಿದ್ದ. ಊರಾಚೆ ತೋಟ ಇರುವವರೊಬ್ಬರಿಗೆ ಕೊಟ್ಟು ಬಂದೆವು, ಅದರ ಜಾಗಕ್ಕೆ ಇನ್ನೊಂದು ತಂದೆವು.

ಮಗಳು ಈಗ ಮೊಟ್ಟೆ ಮಾರುವುದಿಲ್ಲ, ಅಕ್ಕಪಕ್ಕದವರಿಗೆ ಹಂಚುತ್ತಾಳೆ. ಎದುರು ಮನೆಯವರು ಬದಲಿಗೆ ಸೌತೆಕಾಯಿಯಂತೆ ಕಾಣುವ ಝುಕಿನಿ ಕೊಡುತ್ತಾರೆ. ವಾರಕ್ಕೆ ಎರಡು ಸಲ ಝುಕಿನಿ ಪಲ್ಯ. ಬೇರೆ ಏನಾದರೂ ಮಾಡೋದು ಗೊತ್ತಿದ್ದರೆ ಇಲ್ಲೇ ಬರೆಯಿರಿ.