ತ್ಸುಬದ ಮೇಲಿನ ‘ಮೇಯ್’: ಅಂಕಿತವೆನ್ನಲೇ, ಸಹಿಯೆನ್ನಲೇ?

ಗೆಳೆಯರಿಗೆ ನಮಸ್ಕಾರ.

ಜಪಾನಿನ ಕತ್ತಿಗಳಲ್ಲಿ ಹಿಡಿಗೂ ಅಲಗಿಗೂ ನಡುವೆ ಕೂರುವ ಲೋಹದ ಬಿಲ್ಲೆಗೆ ‘ತ್ಸುಬ’ ಎನ್ನುತ್ತಾರೆ. ಕ್ಯೋತೋದಲ್ಲಿರುವ ಅಣ್ಣನ ಮಗಳು, ಅಲ್ಲಿನ ತೋಜಿ ದೇವಾಲಯದ ಆವರಣದಲ್ಲಿ ಪ್ರತಿ ತಿಂಗಳ 21ರಂದು ನೆರೆಯುವ ಸಂತೆಯಲ್ಲಿ ಕಬ್ಬಿಣದ ತ್ಸುಬವೊಂದನ್ನು ಕೊಂಡಿದ್ದಾಳೆ. ಅದರ ಮೇಲೆ ಕೊರೆದ ಹೆಸರಿನ (ಜಪಾನಿಯಲ್ಲಿ ‘ಮೇಯ್’) ಫೋಟೋ ಕಳುಹಿಸಿ, ‘ಚಿಕ್ಕಪ್ಪ, ಇದು ಯಾರ ಕೆಲಸ?’ ಎಂದು ಕೇಳಿದ್ದಾಳೆ. ಅವಳಿಗೆಂದು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಲು ಕುಳಿತರೆ, ಮೂರು ನಾಲ್ಕು ಪದಗಳು ಕಾಲು ತೊಡರಿಸುತ್ತಿವೆ.

ಮೊದಲು ಅಕ್ಷರಗಳು ಇರುವ ಜಾಗ. ತ್ಸುಬದ ನಡುವೆ ಬೆಣೆಯಾಕಾರದ ಒಂದು ತೂತು. ಹಿಡಿಯೊಳಗೆ ಹೋಗುವ ಅಲಗಿನ ಬಾಲ ಇದರೊಳಗಿಂದ ಹಾಯುತ್ತದೆ. ತೂತಿನ ಸುತ್ತ ಸಪಾಟಾಗಿ ಬಿಟ್ಟ ಜಾಗ ‘ಸೆಪ್ಪದಾಯ್’. ಕುಶಲಕರ್ಮಿ ಹೆಸರು ಕೊರೆಯುವುದು ಅಲ್ಲೇ. ಕತ್ತಿಯನ್ನು ಜೋಡಿಸಿದಾಗ ಆ ಜಾಗವನ್ನು ‘ಸೆಪ್ಪ’ ಎಂಬ ತೆಳು ತಗಡು ಮುಚ್ಚಿಬಿಡುತ್ತದೆ. ಕತ್ತಿ ಬಿಚ್ಚುವವರೆಗೂ ಹೆಸರು ಯಾರ ಕಣ್ಣಿಗೂ ಬೀಳದು.

ಫೋಟೋದಲ್ಲಿ ತೂತಿನ ಒಂದು ಬದಿಗೆ ಚೀನೀ ಮೂಲದ ಐದು ಅಕ್ಷರ (ಕಾಂಜಿ), ಇನ್ನೊಂದು ಬದಿಗೆ ಎಂಟು: ‘ಗೋಶೂ ಹಿಕೊನೆ ಜೂ’, ‘ಸೋಹೆಯ್‌ಶಿ ನ್ಯೂದೋ ಸೋತೆನ್ ಸೇಯ್’. ಎಂಟರ ಮೊದಲನೆಯದಾದ ‘ಸೋ’ಗೆ 19 ಗೆರೆಗಳು, ಕೊನೆಯ ‘ಸೇಯ್’ಗೆ 14. ಕಿರುಬೆರಳಿನಷ್ಟೂ ಅಗಲವಿಲ್ಲದ ಪಟ್ಟಿಯಲ್ಲಿ, ತುಕ್ಕು ಹಿಡಿದ ಕಬ್ಬಿಣದ ಮೇಲೆ, ಆ 19 ಗೆರೆಗಳು ಕೂಡಿಕೊಂಡು ಒಂದು ಕರಿ ಕಲೆಯಾಗಿವೆ. ಆದರೂ ಓದಲು ಬರುತ್ತದೆ, ಏಕೆಂದರೆ ಇಂಥ ಬರಹಕ್ಕೆ ಕಟ್ಟುನಿಟ್ಟಾದ ಸೂತ್ರವಿದೆ: ಪ್ರಾಂತ, ಊರು, ‘ವಾಸಿ’, ಹೆಸರು, ‘ಮಾಡಿದ್ದು’. ಉಳಿದವು ಸ್ಪಷ್ಟವಾಗಿದ್ದರೆ ಮಸುಕಾದದ್ದು ತಾನೇ ಹೊಳೆಯುತ್ತದೆ. (ನಮ್ಮ ಲಿಪಿಗೆ ಒಂದು ಶಹಬ್ಬಾಸ್: ‘ಸೋ’ ದೀರ್ಘ, ‘ತೆ’ ಹ್ರಸ್ವ ಎಂಬುದನ್ನು ತೋರಿಸಲು ನಮಗೆ ರೋಮನ್ ಲಿಪಿಯಂತೆ ಅಕ್ಷರದ ತಲೆಯ ಮೇಲೆ ಗೆರೆ ಎಳೆಯುವ ಉಸಾಬರಿ ಇಲ್ಲ.)

‘ಗೋಶೂ’ ಇಂದಿನ ನಕಾಶೆಯಲ್ಲಿ ಸಿಗುವುದಿಲ್ಲ. ಅದು ಓಮಿ ಪ್ರಾಂತದ ಇನ್ನೊಂದು ಹೆಸರು, ಈಗಿನ ಶಿಗಾ. ಹಿಕೊನೆ ಅಲ್ಲಿನ ಬಿವಾ ಸರೋವರದ ದಂಡೆಯ ಊರು. ಹಾಗೆಯೇ ‘ಚೋಶೂ’ ಎಂದಿದ್ದರೆ ನಗತೊ, ‘ಬುಶೂ’ ಎಂದಿದ್ದರೆ ಮುಸಾಶಿ ಎಂದು ತಿಳಿಯಬೇಕು. ‘ಸೋಹೆಯ್‌ಶಿ’ ಕುಶಲಕರ್ಮಿಯ ಕಲಾನಾಮ. ಹೆಸರಿನ ಎರಡು ಅಕ್ಷರಗಳನ್ನು ‘ಮುನೆನೊರಿ’ ಎಂದೂ ಓದಬಹುದು. ರೂಢಿಯಲ್ಲಿ ನಿಂತಿರುವುದು ‘ಸೋತೆನ್’. ‘ನ್ಯೂದೋ’ ಎಂದರೆ ‘ಮಾರ್ಗ ಹೊಕ್ಕವನು’: ತಲೆ ಬೋಳಿಸಿ ಬೌದ್ಧ ದೀಕ್ಷೆ ಪಡೆದವನು, ಆದರೆ ಮಠ ಸೇರಲೇಬೇಕೆಂದಿಲ್ಲ.

ಇಷ್ಟಾದರೂ ‘ಯಾರ ಕೆಲಸ’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಎದೊ ಕಾಲದ (1603–1868) ಕಿತಗಾವ ಸೋತೆನ್ ಹೆಸರಾಂತ ಕುಶಲಕರ್ಮಿ. ಕಬ್ಬಿಣವನ್ನು ಕೊರೆದು ಆರಪಾರ ಮಾಡಿ, ಚೀನಾದ ಋಷಿಗಳನ್ನೋ ಯುದ್ಧದ ದೃಶ್ಯವನ್ನೋ ಬಿಡಿಸಿ, ಮುಖಕ್ಕೆ ಬೆಳ್ಳಿ, ಉಡುಪಿಗೆ ಚಿನ್ನ ಕೂರಿಸುವ ‘ಹಿಕೊನೆ ಕೆತ್ತನೆ’ಗೆ ಅವನ ಹೆಸರೇ ಮುದ್ರೆ. ಅದು ಬೇಡಿಕೆಯ ಸರಕಾದಾಗ ಬೇರೆಯವರೂ ಅದೇ ಬಗೆಯಲ್ಲಿ ಮಾಡಿ, ಅದೇ 13 ಅಕ್ಷರ ಕೊರೆದರು. ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು 1876ರಲ್ಲಿ ನಿಷೇಧಿಸಿದ ಮೇಲೆ ಕತ್ತಿಯಿಂದ ಬೇರ್ಪಟ್ಟ ತ್ಸುಬಗಳು ಪೇಟೆಗೆ ಬಂದವು; ‘ಸೋತೆನ್’ಗಳಿಗೂ ಬರವಿಲ್ಲ. ನಮ್ಮ ಹುಡುಗಿಯ ತ್ಸುಬದಲ್ಲಿ ಮರದಡಿ ಕುಳಿತ ಮುದುಕನ ಬೆಳ್ಳಿಮುಖಕ್ಕೆ ಕಣ್ಣು ಮೂಗು ಬರಿಯ ಗೀರುಗಳಾಗಿವೆ, ಎಲೆಗಳೆಲ್ಲ ಒಂದೇ ಅಚ್ಚಿನಂತಿವೆ. ನನ್ನ ಅಂದಾಜಿನಲ್ಲಿ ಇದು ಅನುಸರಣೆ. ಕೊನೆಯ ಮಾತು ಹೇಳಬೇಕಾದವರು, ಖಚಿತವಾದ ಕೃತಿಗಳ ಪಡಿಯಚ್ಚುಗಳನ್ನು ಪಕ್ಕದಲ್ಲಿಟ್ಟು ಉಳಿಯೇಟುಗಳನ್ನು ಹೋಲಿಸಬಲ್ಲವರು.

ಈಗ ಪದಗಳ ವಿಷಯ. ಇಂಥ ಕೊರೆದ ಹೆಸರಿಗೆ ಜಪಾನಿಯಲ್ಲಿ ‘ಮೇಯ್’, ಇಲ್ಲದಿದ್ದರೆ ‘ಮುಮೇಯ್’, ಸುಳ್ಳಾದರೆ ‘ಗಿಮೇಯ್’. ‘ಸಹಿ’ ಎಂದರೆ ನನಗೆ ಬ್ಯಾಂಕಿನ ಚೆಕ್ ಕಣ್ಣಿಗೆ ಬರುತ್ತದೆ. ‘ಅಂಕಿತ’ ಹತ್ತಿರವೆನಿಸುತ್ತದೆ. ದಾಸರಿಗೆ ಗುರು ಅಂಕಿತ ಕೊಡುವಂತೆ, ಅಲ್ಲಿಯೂ ಶಿಷ್ಯನಿಗೆ ಗುರುವಿನ ಹೆಸರಿನ ಒಂದು ಅಕ್ಷರ ದೊರೆಯುವ ರೂಢಿಯಿದೆ. ಆಕ್ಷೇಪವನ್ನೂ ನಾನೇ ಹೇಳಿಬಿಡುತ್ತೇನೆ: ವಚನದ ಅಂಕಿತ ಸಾಮಾನ್ಯವಾಗಿ ದೇವರ ಹೆಸರು, ಇದು ಮಾಡಿದವನ ಹೆಸರು.

‘ಜೂ’ಗೆ ‘ನಿವಾಸಿ’ ಎಂದರೆ ಪಡಿತರ ಚೀಟಿಯ ವಾಸನೆ ಬರುತ್ತದೆ. ಬೇಲೂರಿನ ಶಿಲ್ಪಿಯನ್ನು ‘ಬಳ್ಳಿಗಾವೆಯ ದಾಸೋಜ’ ಎನ್ನುವಾಗ ‘ಯ’ ಒಂದೇ ಆ ಕೆಲಸವನ್ನೆಲ್ಲ ಮಾಡುತ್ತದೆ. ‘ಹಿಕೊನೆಯ ಸೋತೆನ್’ ಸಾಕಲ್ಲವೇ? ‘ನ್ಯೂದೋ’ಗೆ ಹೊಂದುವ ಒಂದೇ ಪದ ನನಗೆ ಹೊಳೆದಿಲ್ಲ. ‘ಗಿಮೇಯ್’ಗೆ ‘ಖೋಟಾ’ ಎನ್ನಲು ಮನಸ್ಸಿಲ್ಲ; ಮೋಸದ ಉದ್ದೇಶವಿಲ್ಲದೆ, ಮೆಚ್ಚುಗೆಯಿಂದಲೋ ಮನೆತನದ ರೂಢಿಯಿಂದಲೋ ಹೆಸರು ಹಾಕಿದ್ದೂ ಉಂಟು. ‘ಕೂಟಶಾಸನ’ದ (ಸುಳ್ಳು ಶಾಸನದ) ಜಾಡಿನಲ್ಲಿ ‘ಕೂಟಾಂಕಿತ’ ಎಂದು ಕಟ್ಟಿ ನೋಡಿದೆ, ಬಾಯಿಗೆ ಬರಲೊಲ್ಲದು. ‘ಹುಸಿ ಅಂಕಿತ’ ಸುಲಭವಾಗಿದೆ.

ಟಿಪ್ಪಣಿಯಲ್ಲಿ ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಕಬ್ಬಿಣದ ತ್ಸುಬ, ಹಿಕೊನೆಯ ಸೋತೆನ್‌ನ ಅಂಕಿತವಿದೆ.’ ‘ಸೋತೆನ್ ಮಾಡಿದ್ದು’ ಎಂಬ ಹೊಣೆಯನ್ನು ಬೇಕೆಂದೇ ಹೊತ್ತಿಲ್ಲ. ‘ಅಂಕಿತವಿದೆ’ ಎಂದಷ್ಟೇ ಹೇಳಿದರೆ ಆ ಎಚ್ಚರಿಕೆ ಓದುಗರಿಗೆ ತಲುಪುತ್ತದೆಯೇ, ಅಥವಾ ಅವನೇ ಮಾಡಿದ್ದು ಎಂದು ತಿಳಿಯುತ್ತಾರೆಯೇ? ಶಾಸನಗಳ ಒಡನಾಟವಿರುವವರು, ‘ನ್ಯೂದೋ’ಗೆ ಪದ ಗೊತ್ತಿರುವವರು ದಯವಿಟ್ಟು ತಿಳಿಸಿ.