ಎಸ್‌ಡಿಎಂಸಿಗೆ ನಿಲ್ಲಬೇಕೆಂದಿದ್ದೇನೆ, ಊರಿನವರು ‘ಒಮ್ಮತದ ಆಯ್ಕೆ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಪ್ರಶ್ನೆ: ಬೇಲೂರು ತಾಲ್ಲೂಕಿನ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಾಳೆ. ಒಂದರಿಂದ ಏಳರವರೆಗೆ ಒಟ್ಟು 64 ಮಕ್ಕಳಿದ್ದು, ಅರ್ಧಕ್ಕಿಂತ ಹೆಚ್ಚಿನವರು ಸುತ್ತಲಿನ ಕಾಫಿ ತೋಟಗಳ ಲೈನ್ ಮನೆಗಳಿಂದ (ತೋಟದ ಕೂಲಿಯವರ ಸಾಲುಮನೆಗಳಿಂದ) ಬರುವವರು. ಈಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅವಧಿ ಮುಗಿಯುತ್ತಿರುವುದರಿಂದ ಹೊಸ ಸಮಿತಿಯ ರಚನೆಗೆ ಪೋಷಕರ ಸಭೆ ಕರೆಯುವುದಾಗಿ ಮುಖ್ಯ ಶಿಕ್ಷಕರು ತಿಳಿಸಿದ್ದಾರೆ.

ಕಳೆದ ಆಷಾಢದಲ್ಲಿ ಒಂದು ಸಂಜೆ ಮಗಳನ್ನು ಕರೆತರಲು ಹೋದಾಗ, ಚಿಕ್ಕ ತರಗತಿಗಳ ಮಕ್ಕಳು ಕಾರ್ಡುಗಳಿಂದ ಕಲಿಯುವ ನಲಿ-ಕಲಿ ಕೊಠಡಿಯ ಹೆಂಚು ಸರಿದು ನೀರು ನೇರವಾಗಿ ಮಕ್ಕಳ ಮೇಜಿನ ಮೇಲೆ ಸುರಿಯುತ್ತಿತ್ತು. ಮೇಡಂ ಅವರು ಕಲಿಕಾ ಕಾರ್ಡುಗಳನ್ನು ಸೆರಗಿನಲ್ಲಿ ಒರೆಸಿ ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಹರಡುತ್ತಿದ್ದರು. ದುರಸ್ತಿಗೆ ಹಣವಿಲ್ಲವೇ ಎಂದು ಸಮಿತಿಯ ಸದಸ್ಯರೊಬ್ಬರನ್ನು ಕೇಳಿದೆ. ತಾವು ಸದಸ್ಯರೆಂಬುದೇ ಅವರಿಗೆ ಖಚಿತವಾಗಿ ಗೊತ್ತಿರಲಿಲ್ಲ; ಹಿಂದೊಮ್ಮೆ ಯಾರೋ ಮನೆಗೆ ಬಂದು ಒಂದು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೋಗಿದ್ದರಂತೆ. ಸಮಿತಿಗೆ ನಾನೇ ನಿಲ್ಲಬೇಕೆಂದು ಅಂದೇ ನಿಶ್ಚಯಿಸಿದೆ.

ಆದರೆ ಊರಿನ ಹಿರಿಯರು, ಚುನಾವಣೆ ಎಂದರೆ ಮನೆ ಮನೆಗೆ ಮನಸ್ತಾಪ, ಹೆಸರುಗಳನ್ನು ತಾವೇ ಬರೆದುಕೊಡುತ್ತೇವೆ ಎನ್ನುತ್ತಿದ್ದಾರೆ. ಹೆಂಗಸರ ಪಾಲಿನ ಸ್ಥಾನಕ್ಕೆ ಬೇಕಾದರೆ ನನ್ನ ಹೆಸರು ಸೇರಿಸುವುದಾಗಿಯೂ, ಸಭೆಗೆ ನನ್ನ ಯಜಮಾನರು ಬಂದರೆ ಸಾಕೆಂದೂ ಹೇಳಿದ್ದಾರೆ. ನಾನು ಓದಿರುವುದು ಪಿಯುಸಿವರೆಗೆ ಮಾತ್ರ. ನಿಲ್ಲಲು ನನಗೆ ಅರ್ಹತೆ ಇದೆಯೇ, ಈ ಸಮಿತಿಗೆ ನಿಜವಾಗಿ ಏನು ಅಧಿಕಾರವಿದೆ, ಹಿರಿಯರನ್ನು ಎದುರು ಹಾಕಿಕೊಳ್ಳದೆ ಪೋಷಕರಿಂದಲೇ ಆಯ್ಕೆ ನಡೆಯುವಂತೆ ಹೇಗೆ ಮಾಡಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ಕೋರುತ್ತೇನೆ.

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಹಾಸನ

ತಾಯೀ, ಮೊದಲು ಅರ್ಹತೆಯ ಮಾತು. ಶಾಲೆಯಲ್ಲಿ ಓದುತ್ತಿರುವ ಮಗುವಿನ ತಂದೆ, ತಾಯಿ ಅಥವಾ ಪೋಷಕರಾಗಿರುವುದೇ ಇಲ್ಲಿ ಅರ್ಹತೆ. ಓದಿನ ಷರತ್ತು ಯಾವುದೂ ಇಲ್ಲ. ಮಗು ಶಾಲೆ ಬಿಟ್ಟರೆ ಸದಸ್ಯತ್ವವೂ ಮುಗಿಯುತ್ತದೆ. ಸಮಿತಿಯ ಅವಧಿ ಮೂರು ವರ್ಷ. ನಿಮ್ಮ ಮಗಳು ಈಗ ನಾಲ್ಕರಲ್ಲಿರುವುದರಿಂದ ಅವಧಿಯ ಉದ್ದಕ್ಕೂ ನೀವು ಪೋಷಕರಾಗಿಯೇ ಇರುತ್ತೀರಿ, ಅದೊಂದು ಅನುಕೂಲ.

ಈ ಸಮಿತಿಯನ್ನು ಯಾರೋ ದಯೆಯಿಂದ ಕೊಟ್ಟ ಸ್ಥಾನಮಾನವೆಂದು ತಿಳಿಯಬೇಡಿ. ನಾನು ಸೇವೆಗೆ ಸೇರಿದಾಗ ಇದ್ದದ್ದು ಗ್ರಾಮ ಶಿಕ್ಷಣ ಸಮಿತಿ. ಅದರಲ್ಲಿ ಊರಿನ ಪ್ರಮುಖರೇ ಕುಳಿತಿರುತ್ತಿದ್ದರು, ಅವರಲ್ಲಿ ಹಲವರ ಮಕ್ಕಳು ಆ ಶಾಲೆಗೆ ಬರುತ್ತಲೇ ಇರಲಿಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ನಂತರ, 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ, ಪೋಷಕರೇ ತಮ್ಮೊಳಗಿನಿಂದ ಆರಿಸುವ ಎಸ್‌ಡಿಎಂಸಿಯನ್ನು ಅದರ ಜಾಗದಲ್ಲಿ ತಂದಿತು. 2006ರಲ್ಲಿ ಮಾದರಿ ಉಪವಿಧಿಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣವಂತೂ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪಾಲು ಸಿಗಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಹೆಸರಿನ ಸ್ಥಾನದಲ್ಲಿ ಯಜಮಾನರು ಕುಳಿತುಕೊಳ್ಳಲು ಆ ಕಾಯ್ದೆಯಲ್ಲಿ ಎಲ್ಲಿಯೂ ಅವಕಾಶವಿಲ್ಲ. ಲೈನ್ ಮನೆಗಳ ಮಕ್ಕಳು ಅರ್ಧಕ್ಕಿಂತ ಹೆಚ್ಚಿರುವ ಶಾಲೆಯಲ್ಲಿ ಅವರ ತಂದೆ ತಾಯಿಯರ ಒಂದು ಹೆಸರೂ ಪಟ್ಟಿಯಲ್ಲಿ ಇಲ್ಲದಿದ್ದರೆ, ಆ ಪಟ್ಟಿ ಕಾಯ್ದೆಯ ಆಶಯಕ್ಕೇ ವಿರುದ್ಧ.

ಅಧಿಕಾರದ ವಿಷಯದಲ್ಲಿ ಅತಿಯಾದ ನಿರೀಕ್ಷೆಯೂ ಬೇಡ. ಶಿಕ್ಷಕರನ್ನು ವರ್ಗಾಯಿಸುವ ಅಥವಾ ಶಿಕ್ಷಿಸುವ ಅಧಿಕಾರ ಸಮಿತಿಗಿಲ್ಲ. ಶಾಲೆಯ ಕೆಲಸದ ಮೇಲ್ವಿಚಾರಣೆ, ಶಾಲಾಭಿವೃದ್ಧಿ ಯೋಜನೆಯ ತಯಾರಿ, ಬಂದ ಅನುದಾನದ ಬಳಕೆಯ ಪರಿಶೀಲನೆ, ಈ ಮೂರು ಅದರ ಮುಖ್ಯ ಹೊಣೆಗಳು. ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಸದಸ್ಯ ಕಾರ್ಯದರ್ಶಿಯಾದ ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿರುತ್ತದೆ. ಶಾಲೆಗಳಿಗೆ ಅನುದಾನ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷದ ಶಾಲಾ ಅನುದಾನ 25,000 ರೂಪಾಯಿ. ಅದರಲ್ಲಿ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ ಹೋಗಬೇಕು. ನಿಮ್ಮ ಶಾಲೆಯ ಲೆಕ್ಕದಲ್ಲಿ ಇದು ಮಗುವಿಗೆ ವರ್ಷಕ್ಕೆ 400 ರೂಪಾಯಿಯೂ ಆಗುವುದಿಲ್ಲ. ಸೀಮೆಸುಣ್ಣ, ಕರೆಂಟ್ ಬಿಲ್ಲು, ಶೌಚಾಲಯದ ನೀರು ಎಂದು ಈ ಹಣ ಕರಗಿ ಹೋಗುತ್ತದೆ. ಮಾಡಿನ (ಛಾವಣಿಯ) ಕೆಲಸಕ್ಕೆ ಸಾಲುವುದಿಲ್ಲ. ಮಾಡಿನ ದುರಸ್ತಿಯನ್ನು ಮೂರು ವರ್ಷದ ಶಾಲಾಭಿವೃದ್ಧಿ ಯೋಜನೆಯಲ್ಲಿ ಬರೆದು, ಸಭೆಯಲ್ಲಿ ನಿರ್ಣಯ ಮಾಡಿ, ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. ನಡಾವಳಿ ಪುಸ್ತಕದಲ್ಲಿ ಬರೆದಿರದ ಬೇಡಿಕೆಯನ್ನು ಯಾವ ಕಚೇರಿಯೂ ಬೇಡಿಕೆಯೆಂದು ಎಣಿಸುವುದಿಲ್ಲ, ಇದು ನನ್ನ ಮೂವತ್ತು ವರ್ಷದ ಅನುಭವ.

ಉತ್ತರ: ಮೂಡಿಗೆರೆ ಕಡೆಯ ಒಬ್ಬ ತಂದೆ

ಮೇಷ್ಟ್ರು ಹೇಳಿದ ಕಾಯ್ದೆಯ ಮಾತುಗಳನ್ನು ನಾನು ಒಪ್ಪುತ್ತೇನೆ. ಆದರೆ ಹಿರಿಯರ ಆತಂಕವನ್ನು ಪೂರ್ತಿ ತಳ್ಳಿಹಾಕಬೇಡಿ ಎಂದು ಈ ತಂಗಿಗೆ ಹೇಳಬೇಕೆನಿಸಿತು. ನಮ್ಮದು ಐದನೆಯ ತರಗತಿಯವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಕಳೆದ ಸಲ ಕೈ ಎತ್ತಿಸಿ ಆಯ್ಕೆ ನಡೆಸಿದರು. ಪಂಚಾಯಿತಿ ಚುನಾವಣೆಯ ಹಳೆಯ ಜಿದ್ದು ಅಲ್ಲಿಗೂ ಬಂತು. ಸೋತ ಕಡೆಯ ಮೂರು ಮನೆಯವರು ಆ ವರ್ಷವೇ ಮಕ್ಕಳನ್ನು ಬಿಡಿಸಿ, ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನ್ ಹತ್ತಿಸಿದರು. 27 ಇದ್ದ ಮಕ್ಕಳು 22 ಆದರು. ಮಲೆನಾಡಿನ ಸಣ್ಣ ಶಾಲೆಯಲ್ಲಿ ಐದು ಮಕ್ಕಳು ಹೋದರೆಂದರೆ ಶಾಲೆಯ ಉಸಿರಿಗೇ ಕುತ್ತು. ಕಾಯ್ದೆಯ ಪ್ರಕಾರ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರು ಇರಬೇಕಾದರೂ, ಸಂಖ್ಯೆ ಇಳಿದ ಶಾಲೆಯಿಂದಲೇ ಒಬ್ಬರನ್ನು ನಿಯೋಜನೆಯ ಮೇಲೆ ಬೇರೆಡೆಗೆ ಕಳುಹಿಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದ ಸಾಧ್ಯವಿದ್ದಲ್ಲಿ ಕೂತು ಮಾತನಾಡಿ ಮುಗಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಉತ್ತರ: ಎಸ್‌ಡಿಎಂಸಿಯ ಮಾಜಿ ಅಧ್ಯಕ್ಷೆ, ಸಕಲೇಶಪುರ ತಾಲ್ಲೂಕು

ಮೂಡಿಗೆರೆಯ ಅಣ್ಣನವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಒಮ್ಮತ ಎಲ್ಲಿ ಆಗಬೇಕು ಎಂಬುದೇ ಇಲ್ಲಿರುವ ಪ್ರಶ್ನೆ. ಪೋಷಕರೆಲ್ಲ ಸೇರಿದ ಸಭೆಯಲ್ಲಿ ಹೆಸರುಗಳು ಬಂದು, ಯಾರೂ ಎದುರು ನಿಲ್ಲದೆ ಆಯ್ಕೆಯಾದರೆ ಅದು ಒಮ್ಮತ. ನಾಲ್ಕು ಜನ ಹಿಂದಿನ ರಾತ್ರಿ ಒಬ್ಬರ ಜಗುಲಿಯಲ್ಲಿ ಕುಳಿತು ಬರೆದ ಪಟ್ಟಿಗೆ ಮರುದಿನ ಉಳಿದವರು ಸಹಿ ಹಾಕಿದರೆ, ಅದನ್ನು ಆ ಹೆಸರಿನಿಂದ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನೂ ಅವಿರೋಧವಾಗಿಯೇ ಆಯ್ಕೆಯಾದವಳು, ಆದರೆ ಸಭೆಯಲ್ಲಿ.

ಬೇಲೂರಿನ ತಂಗಿ, ಸಭೆ ಯಾವ ದಿನ ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ವಾರದ ನಡುವೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ತೋಟದ ಕೆಲಸದವರು ಒಂದು ದಿನದ ಕೂಲಿ ಬಿಟ್ಟು ಬರುವುದಿಲ್ಲ. ಹಣ್ಣು ಕುಯ್ಯುವ ಕಾಲದಲ್ಲಂತೂ ಕೇಳುವುದೇ ಬೇಡ. ಆಗ ಬರುವವರು ಪಟ್ಟಿ ಬರೆದವರು ಮಾತ್ರ. ನಮ್ಮಲ್ಲಿ ಹತ್ತು ಹದಿನೈದು ಪೋಷಕರು ಸಹಿ ಮಾಡಿದ ಮನವಿ ಕೊಟ್ಟು ಸಭೆಯನ್ನು ಭಾನುವಾರಕ್ಕೆ ಇಡಿಸಿಕೊಂಡೆವು. ತಿಳುವಳಿಕೆ ಪತ್ರವನ್ನು ಮಕ್ಕಳ ಕೈಯಲ್ಲಿ ಕಳುಹಿಸಿದ್ದರು. ಕನ್ನಡ ಓದಲು ಬಾರದ ಮನೆಗಳಿಗೆ, ಅದರಲ್ಲೂ ಅಸ್ಸಾಮಿನಿಂದ ಬಂದು ನೆಲೆಸಿದ್ದ ಎರಡು ಕುಟುಂಬಗಳಿಗೆ, ನಾವೇ ಲೈನ್‌ಗೆ ಹೋಗಿ ಬಾಯಲ್ಲಿ ಹೇಳಿ ಬಂದೆವು. ಆ ದಿನ ಬಂದಷ್ಟು ತಾಯಂದಿರನ್ನು ನಮ್ಮ ಶಾಲೆ ಅದುವರೆಗೆ ಕಂಡಿರಲಿಲ್ಲ.

ಇನ್ನೊಂದು ವಿಷಯವನ್ನು ನನ್ನ ತಪ್ಪೆಂದೇ ಒಪ್ಪಿಕೊಂಡು ಹೇಳುತ್ತೇನೆ. ಅಧ್ಯಕ್ಷೆಯಾದ ಮೊದಲ ತಿಂಗಳಿನಲ್ಲಿ, ಪದೇ ಪದೇ ನಿಮ್ಮನ್ನು ಹುಡುಕಿಕೊಂಡು ಬರುವುದು ಕಷ್ಟ ಎಂದು ಶಾಲೆಯವರು ಹೇಳಿದ್ದರಿಂದ, ಮೊತ್ತ ಬರೆಯದ ಐದು ಚೆಕ್ಕುಗಳಿಗೆ ಸಹಿ ಹಾಕಿಬಿಟ್ಟೆ. ಹಣ ದುರುಪಯೋಗವಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ವರ್ಷದ ಕೊನೆಯಲ್ಲಿ ಪೋಷಕರು ನೀರಿನ ಫಿಲ್ಟರ್‌ನ ಲೆಕ್ಕ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ, ಆ ಸಭೆಯಲ್ಲಿ ತಲೆ ಎತ್ತಲಾಗಲಿಲ್ಲ. ಅಂದಿನಿಂದ ನಗದು ಪುಸ್ತಕ, ಓಚರು, ಪಾಸ್‌ಬುಕ್ಕು ಮೂರನ್ನೂ ಮೇಜಿನ ಮೇಲಿಟ್ಟು ಓದಿದ ಮೇಲಷ್ಟೇ ಸಹಿ ಹಾಕಿದೆ.

ಅಧ್ಯಕ್ಷ ಸ್ಥಾನ ಸಿಗದಿದ್ದರೂ ಬೇಸರಿಸಬೇಡಿ. ಬಿಸಿಯೂಟದ ಗುಣಮಟ್ಟ ನೋಡುವ ಹೊಣೆ 2015ರ ನಿಯಮಗಳಲ್ಲಿ ಸಮಿತಿಗೇ ಸೇರಿದೆ. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಮೇಲಿನವರಿಗೆ 150 ಗ್ರಾಂ ಅಕ್ಕಿಯ ಲೆಕ್ಕವಿದೆ. ಹಾಜರಾತಿಯನ್ನೂ ದಾಸ್ತಾನು ವಹಿಯನ್ನೂ ಪಕ್ಕಪಕ್ಕ ಇಟ್ಟರೆ ಯಾರು ಬೇಕಾದರೂ ಗುಣಿಸಿ ನೋಡಬಹುದು. ಮಳೆಗಾಲದಲ್ಲಿ ಚೀಲಗಳನ್ನು ನೆಲದ ಮೇಲೆ ಇಟ್ಟಿದ್ದಾರೋ ಹಲಗೆಯ ಮೇಲೋ ನೋಡಿ, ತಳದ ಚೀಲಕ್ಕೆ ಕೈ ಹಾಕಿ ನೋಡಿ. ನಮ್ಮ ಶಾಲೆಯಲ್ಲಿ ತಳದ ಅಕ್ಕಿ ಮುಗ್ಗಲು ಹಿಡಿದು ಉಂಡೆಯಾಗಿತ್ತು. ಅಡುಗೆಯವರು ಹೇಳಲು ಹೆದರಿ ಸುಮ್ಮನಿದ್ದರು. ಒಬ್ಬ ಗಾರೆಯವರನ್ನು ಕರೆಸಿ ಅರ್ಧ ದಿನದಲ್ಲಿ ಕಟ್ಟೆ ಕಟ್ಟಿಸಿದೆವು.

ಪ್ರಶ್ನೆ ಕೇಳಿದ ತಾಯಿಯ ಮರು ಬರಹ

ಮೇಷ್ಟ್ರಿಗೆ, ಅಕ್ಕನವರಿಗೆ, ಮೂಡಿಗೆರೆಯ ಅಣ್ಣನವರಿಗೆ ಕೃತಜ್ಞಳಾಗಿದ್ದೇನೆ. ಅಣ್ಣನವರ ಮಾತು ಮನಸ್ಸಿನಲ್ಲಿ ಉಳಿದಿದ್ದರಿಂದ, ಮನವಿ ಬರೆಯುವ ಮೊದಲು ಹಿರಿಯರಲ್ಲಿ ಇಬ್ಬರ ಮನೆಗೆ ನಾನೇ ಹೋಗಿ, ಪಟ್ಟಿಯನ್ನು ಸಭೆಯಲ್ಲಿಯೇ ಓದಿರಿ, ಅಲ್ಲಿಯೇ ನನ್ನ ಹೆಸರನ್ನೂ ಹೇಳುತ್ತೇನೆ ಎಂದು ವಿನಂತಿಸಿದೆ. ಒಬ್ಬರು ಒಪ್ಪಿದರು. ಇನ್ನೊಬ್ಬರು ಕಾಫಿ ಕೊಟ್ಟು ಕಳುಹಿಸಿದರು, ಉತ್ತರ ಹೇಳಲಿಲ್ಲ. ಭಾನುವಾರಕ್ಕೆ ಸಭೆ ಇಡಬೇಕೆಂಬ ಮನವಿಗೆ ಈವರೆಗೆ ಹದಿನೇಳು ಸಹಿಗಳಾಗಿವೆ, ಅವುಗಳಲ್ಲಿ ನಾಲ್ಕು ಹೆಬ್ಬೆಟ್ಟಿನ ಗುರುತುಗಳು. ಮೇಲಿನ ಲೈನ್‌ನ ಮನೆಗಳು ಇನ್ನೂ ಉಳಿದಿವೆ. ಸಂಜೆಯಾದರೆ ಆ ದಾರಿಯಲ್ಲಿ ಆನೆಗಳ ಓಡಾಟವಿರುವುದರಿಂದ, ನಾಳೆ ಬೆಳಿಗ್ಗೆ ಅವರು ಕೆಲಸಕ್ಕೆ ಹೊರಡುವ ಮುಂಚೆಯೇ ಯಜಮಾನರನ್ನು ಕರೆದುಕೊಂಡು ಹೋಗುತ್ತೇನೆ. ಸೋಮವಾರ ಮನವಿಯನ್ನು ಮುಖ್ಯ ಶಿಕ್ಷಕರ ಕೈಗೆ ಕೊಟ್ಟು, ಮೇಷ್ಟ್ರು ಹೇಳಿದಂತೆ ಪ್ರತಿಯ ಮೇಲೆ ಸ್ವೀಕೃತಿ ಬರೆಸಿಕೊಳ್ಳುತ್ತೇನೆ.